ಹೂಬಿಟ್ಟ ಗಾಂಜಾ ಗಿಡದ ಎಲೆ ಸವರುವ ತರಗತಿ: ಕೈಗೆ ಒಳ್ಳೆಯ ಪಾಠ, ಕಣ್ಣಿಗೆ ಅರೆಪಾಠ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ ಪೋಷಕಾಂಶದ ನೀರಿನಲ್ಲಿ ಗಿಡ ಬೆಳೆಸುವ ವಿಧಾನ) ಸಾಮಗ್ರಿ ಮಾರುವ ಅಂಗಡಿಯೊಂದು ವಾರಾಂತ್ಯದಲ್ಲಿ ಎರಡು ಗಂಟೆಗಳ ತರಗತಿಯೊಂದನ್ನು ನಡೆಸುತ್ತದೆ. ಗಾಂಜಾ ಗಿಡ ಹೂಬಿಡುವ ಹಂತದಲ್ಲಿದ್ದಾಗ ಎಲೆಗಳನ್ನು ತೆಗೆಯಬೇಕೇ, ತೆಗೆಯುವುದಾದರೆ ಯಾವುದನ್ನು, ಯಾವಾಗ ಎಂಬುದಷ್ಟೇ ಅದರ ವಿಷಯ. ಶುಲ್ಕ 45 ಡಾಲರ್. 2018ರ ಅಕ್ಟೋಬರ್ 17ರಂದು ಜಾರಿಗೆ ಬಂದ ಕಾನೂನಿನಂತೆ ಇಲ್ಲಿ ಮನೆಯೊಂದಕ್ಕೆ ನಾಲ್ಕು ಗಿಡಗಳನ್ನು ಬೆಳೆಸಿಕೊಳ್ಳಲು ಅವಕಾಶವಿದೆ. ಕರ್ನಾಟಕದಿಂದ ಓದುತ್ತಿರುವವರು ಇದನ್ನು ಪರಸ್ಥಳದ ವಿಷಯವೆಂದೇ ಓದಿಕೊಳ್ಳಬೇಕು, ಏಕೆಂದರೆ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅಲ್ಲಿ ಪರವಾನಗಿಯಿಲ್ಲದೆ ಒಂದು ಗಿಡ ಬೆಳೆಸಿದರೂ ಅಪರಾಧ.

ಹೂಬಿಟ್ಟ ಗಾಂಜಾ ಗಿಡವನ್ನು ಸಾರ್ವಜನಿಕ ಸ್ಥಳದಲ್ಲಿ ಇರಿಸಿಕೊಳ್ಳುವುದನ್ನು ಕೆನಡಾದ ಕಾನೂನೂ ನಿಷೇಧಿಸಿರುವುದರಿಂದ, ಅಂಗಡಿಯವರು ಗಾಂಜಾ ಗಿಡವನ್ನು ಪರದೆಯ ಮೇಲೆ ತೋರಿಸಿ, ಕೈಕೆಲಸವನ್ನು ಕುಂಡದಲ್ಲಿಟ್ಟ ಟೊಮೆಟೊ ಗಿಡಗಳ ಮೇಲೆ ಮಾಡಿಸುತ್ತಾರೆ. ಇದು ವಿಚಿತ್ರವಾಗಿ ಕಂಡರೂ ಪಾಠಕ್ಕೆ ಅಷ್ಟೇನೂ ಅಡ್ಡಿಯಾಗಲಿಲ್ಲ. ಎಲೆಯನ್ನು ಎಳೆದು ಕಿತ್ತರೆ ಕಾಂಡದ ಸಿಪ್ಪೆ ಸುಲಿದು ಗಾಯವಾಗುತ್ತದೆ, ಆದ್ದರಿಂದ ತೊಟ್ಟಿನ ಬುಡದಲ್ಲಿ ಸ್ವಲ್ಪವನ್ನು ಉಳಿಸಿ ಕತ್ತರಿಸಬೇಕು, ಗಿಡದ ಒಳಗಿನಿಂದ ಹೊರಗೆ ಬರುತ್ತಾ ಕೆಲಸ ಮಾಡಬೇಕು ಎಂಬುದನ್ನು ಬೋಧಕರು ಪ್ರತಿಯೊಬ್ಬರ ಬಳಿ ನಿಂತು ತಿದ್ದಿ ಕಲಿಸಿದರು. ಕತ್ತರಿ ಹಿಡಿಯುವುದನ್ನೇ ಅರಿಯದವರಿಗೆ ಇಷ್ಟಕ್ಕೇ ಕೊಟ್ಟ ಹಣ ಸಲ್ಲುತ್ತದೆ.

ತಕರಾರು ಇರುವುದು ಉಳಿದ ಅರ್ಧದ ಬಗ್ಗೆ. ಹೂಬಿಡಿಸಲು ದಿನಕ್ಕೆ ಹನ್ನೆರಡು ಗಂಟೆ ಕತ್ತಲೆ ಕೊಡುವ ಕ್ರಮ ಆರಂಭವಾದ ದಿನ ಹಸ್ತದಂತೆ ಹರಡಿದ ದೊಡ್ಡ ಎಲೆಗಳನ್ನೆಲ್ಲ ತೆಗೆಯಬೇಕು, ಇಪ್ಪತ್ತೊಂದನೆಯ ದಿನ ಮತ್ತೊಮ್ಮೆ ಬೋಳಿಸಬೇಕು ಎಂದು ಕೊಟ್ಟ ಕರಪತ್ರದಲ್ಲಿ ಮುದ್ರಿಸಲಾಗಿದೆ. ಒಂದೇ ತಾಯಿಗಿಡದ ನೂರಾರು ಕಡ್ಡಿಗಳನ್ನು ಪ್ರಖರ ದೀಪಗಳ ಕೆಳಗೆ ಸಾಲಾಗಿ ಬೆಳೆಸುವ ವಾಣಿಜ್ಯ ಕೊಠಡಿಗಳಲ್ಲಿ ಇಂತಹ ತಾರೀಖಿನ ಲೆಕ್ಕ ನಡೆಯಬಹುದು. ಮನೆಯ ನಾಲ್ಕು ಗಿಡಗಳು ಸಾಮಾನ್ಯವಾಗಿ ನಾಲ್ಕು ತಳಿಗಳವು, ಒಂದು ಹುಲುಸಾಗಿ ಬೆಳೆದಿದ್ದರೆ ಮತ್ತೊಂದು ಸೊರಗಿರುತ್ತದೆ. ಹೂಬಿಡುವಿಕೆಯ ಮೊದಲ ಎರಡು ಮೂರು ವಾರಗಳಲ್ಲಿ ಗಿಡ ಉದ್ದಕ್ಕೆ ಜಿಗಿದು ಆಮೇಲೆ ಹೊಸ ದೊಡ್ಡ ಎಲೆಗಳನ್ನು ಬಹುಮಟ್ಟಿಗೆ ನಿಲ್ಲಿಸುವುದರಿಂದ, ಅನಂತರ ಕಳೆದುಕೊಂಡ ಎಲೆಯನ್ನು ಅದು ತುಂಬಿಕೊಳ್ಳಲಾರದು. ಹೂಗೊಂಚಲು ದಪ್ಪಗಾಗಲು ಬೇಕಾದ ಸಕ್ಕರೆಯನ್ನು ತಯಾರಿಸುವುದು ಮುಖ್ಯವಾಗಿ ಆ ಎಲೆಗಳೇ. ಕೊನೆಯ ವಾರಗಳಲ್ಲಿ ಅವು ಹಳದಿಯಾಗುವುದೂ ತಮ್ಮಲ್ಲಿದ್ದ ಸಾರಜನಕವನ್ನು ಗಿಡಕ್ಕೆ ಹಿಂದಿರುಗಿಸುತ್ತಲೇ. ಬೆಳಕಿನ ಅವಧಿಯನ್ನು ಲೆಕ್ಕಿಸದೆ ತಾವಾಗಿ ಹೂಬಿಡುವ ಅಲ್ಪಾವಧಿ ತಳಿಗಳಿಗಂತೂ ಚೇತರಿಸಿಕೊಳ್ಳಲು ಸಮಯವೇ ಇರುವುದಿಲ್ಲ, ಆದರೆ ಕರಪತ್ರ ಅವುಗಳನ್ನು ಪ್ರತ್ಯೇಕವಾಗಿ ಹೆಸರಿಸುವುದೂ ಇಲ್ಲ.

ಎಲೆ ತೆಗೆದರೆ ಕೆಳಗಿನ ಹೂವಿಗೆ ಬೆಳಕು ಸಿಗುತ್ತದೆ ಎಂಬ ಬೋಧಕರ ವಾದವನ್ನು ತಳ್ಳಿಹಾಕುವಂತಿಲ್ಲ. ಇಸ್ರೇಲಿನ ವೊಲ್ಕಾನಿ ಕೃಷಿ ಸಂಶೋಧನಾ ಕೇಂದ್ರದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಕೊಂಬೆ ಮತ್ತು ಎಲೆ ಸವರಿ ಗಿಡದ ಆಕಾರವನ್ನು ಬದಲಿಸಿದಾಗ ಮೇಲಿನ ಮತ್ತು ಕೆಳಗಿನ ಹೂಗಳ ರಾಸಾಯನಿಕ ಅಂಶಗಳ ನಡುವಿನ ಅಂತರ ತಗ್ಗುವುದು ಕಂಡುಬಂದಿದೆ. ಔಷಧಿಗೆ ಒಂದೇ ಗುಣಮಟ್ಟದ ಹೂ ಬೇಕಾದವರಿಗೆ ಇದು ಮಹತ್ವದ ಲಾಭ. ಆದರೆ ಏಕರೂಪತೆ ಬೇರೆ, ಇಳುವರಿ ಬೇರೆ. ತರಗತಿಯಲ್ಲಿ ಮೊದಲನೆಯದಕ್ಕೆ ಇರುವ ಆಧಾರವನ್ನು ಎರಡನೆಯದಕ್ಕೂ ಸಲೀಸಾಗಿ ಹಚ್ಚಲಾಯಿತು.

ಎಲೆ ತೆಗೆಯಲು ನನ್ನ ದೃಷ್ಟಿಯಲ್ಲಿ ಅತ್ಯಂತ ಗಟ್ಟಿಯಾದ ಕಾರಣ ಗಾಳಿಯಾಡುವಿಕೆ, ಅದಕ್ಕೆ ಸಿಕ್ಕಿದ್ದು ಒಂದೆರಡು ಮಾತು ಮಾತ್ರ. ದಕ್ಷಿಣ ಒಂಟಾರಿಯೊದಲ್ಲಿ ಹಿತ್ತಲಿನ ಗಿಡಗಳು ಆಗಸ್ಟ್‌ನಲ್ಲಿ ಹೂಬಿಡತೊಡಗಿ, ಕೊಯ್ಲಿಗೆ ಬರುವ ಹೊತ್ತಿಗೆ ಶರತ್ಕಾಲದ ಮಳೆ ಮತ್ತು ಇಬ್ಬನಿಗೆ ಸಿಕ್ಕಿಕೊಳ್ಳುತ್ತವೆ. ಒತ್ತೊತ್ತಾದ ಗೊಂಚಲಿನ ಒಳಗೆ ತೇವ ನಿಂತರೆ ಬಾಟ್ರೈಟಿಸ್ ಎಂಬ ಬೂದುಬಣ್ಣದ ಬೂಷ್ಟು ಹಿಡಿಯುತ್ತದೆ, ಹೊರಗೆ ಕಾಣಿಸುವಷ್ಟರಲ್ಲಿ ಒಳಗೆಲ್ಲ ಕೊಳೆತಿರುತ್ತದೆ. ಹಾಗಾಗಿ ಒಂದರ ಮೇಲೊಂದು ಅಂಟಿ ಒದ್ದೆಯಾಗಿಯೇ ಉಳಿಯುವ ನಡುವಿನ ಎಲೆಗಳನ್ನು, ಬುಡದಲ್ಲಿ ನೆರಳು ಕಂಡು ಹಣ್ಣಾದವನ್ನು ಕೆಲವು ದಿನಗಳ ಅಂತರದಲ್ಲಿ ಸ್ವಲ್ಪ ಸ್ವಲ್ಪವಾಗಿ ತೆಗೆದು, ಬಿಸಿಲಿಗೆ ಮುಖ ಮಾಡಿದವನ್ನು ಬಿಡುವುದು ಮೇಲು. ವಿಜಯಪುರದ ದ್ರಾಕ್ಷಿ ಬೆಳೆಗಾರರು ಗೊನೆಯ ಸುತ್ತಲಿನ ಎಲೆಗಳನ್ನು ತೆಗೆಸುವುದೂ ಇಂತಹದೇ ಲೆಕ್ಕಾಚಾರದಿಂದ. ಅವರಾರೂ ಬಳ್ಳಿಯನ್ನು ಬೋಳಿಸುವುದಿಲ್ಲ.

ಮತ್ತೊಂದು ಕೊರತೆಯನ್ನು ಅಂಗಡಿಯವರು ಕೂಡಲೇ ಸರಿಪಡಿಸಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಆಲ್ಕೋಹಾಲಿನಿಂದ ಒರೆಸಿದರೆ ಸಾಕು ಎಂದು ಹೇಳಲಾಯಿತು. ಅಂಟಿದ ರಾಳ ಬಿಡಿಸಲು ಆಲ್ಕೋಹಾಲು ಉತ್ತಮ, ಬಹಳಷ್ಟು ಶಿಲೀಂಧ್ರಗಳಿಗೂ ಅದು ಆಗುತ್ತದೆ. ಆದರೆ ಉತ್ತರ ಅಮೆರಿಕದ ಗಾಂಜಾ ಬೆಳೆಯನ್ನು ಕಾಡುತ್ತಿರುವ ಹಾಪ್ ಲೇಟೆಂಟ್ ವೈರಾಯ್ಡ್ ಎಂಬ, ವೈರಸ್ಸಿಗಿಂತಲೂ ಸಣ್ಣ ರೋಗಕಾರಕ ಕತ್ತರಿಯ ಅಲಗಿನ ಮೂಲಕವೂ ಹರಡುತ್ತದೆ, ಆಲ್ಕೋಹಾಲಿಗೆ ಅದು ಜಗ್ಗುವುದಿಲ್ಲ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಅದರಲ್ಲಿ ಅಲಗನ್ನು ಅದ್ದಿ ತೆಗೆಯಬೇಕು, ಇಲ್ಲವೇ ಗಿಡಕ್ಕೊಂದು ಕತ್ತರಿ ಇಟ್ಟುಕೊಳ್ಳಬೇಕು. ಎಲೆ ಸವರುವುದನ್ನು ಕಲಿಸುವ ತರಗತಿಯಲ್ಲಿ ಇದು ಬಿಟ್ಟುಹೋಗಬಾರದಾಗಿತ್ತು.

ಮೊದಲ ಬಾರಿ ಬೆಳೆಯುವವರು ಕೈಕೆಲಸಕ್ಕಾಗಿ ಈ ತರಗತಿಗೆ ಹೋಗಬಹುದು, ಒಂದೆರಡು ಬೆಳೆ ತೆಗೆದವರಿಗೆ ಇದರ ಅಗತ್ಯವಿಲ್ಲ. ಹೋಗುವವರು ತಮ್ಮ ಗಿಡಗಳ ಇತ್ತೀಚಿನ ಚಿತ್ರಗಳನ್ನು ಫೋನಿನಲ್ಲಿ ಒಯ್ಯಲಿ: ತರಗತಿ ಮುಗಿದ ಮೇಲೆ ಬೋಧಕರು ಬಿಡುವಾಗಿರುತ್ತಾರೆ, ಚಿತ್ರ ಮುಂದಿಟ್ಟಾಗ ಕರಪತ್ರಕ್ಕಿಂತ ಎಷ್ಟೋ ಎಚ್ಚರದ ಸಲಹೆ ಕೊಡುತ್ತಾರೆ, ನನಗೆ ತೋರಿಸಿ ತೆಗೆಸಿದ್ದು ಕೂಡ ಬುಡದ ಕೆಲವು ಎಲೆಗಳನ್ನಷ್ಟೇ.