ಹಳೇ ಫೈಬರ್ ದೋಣಿ: ಮತ್ತೆ ಬಲೆಗೋ, ಜನಕ್ಕೋ?

ಗೋವಾದ ಚಪೋರಾ, ಮಾಲಿಂ, ಬೇತುಲ್ ಯಾವ ದಕ್ಕೆಗೆ ಹೋದರೂ ವರ್ಷಗಟ್ಟಲೆ ದುಡಿದ ಫೈಬರ್ ದೋಣಿ ಒಂದೆರಡು ಮಕಾಡೆ ಬಿದ್ದಿರುತ್ತವೆ. ಕಾರವಾರ, ಅಂಕೋಲಾ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು ಅಂಥದ್ದೊಂದನ್ನು ಅಗ್ಗಕ್ಕೆ ಕೊಂಡ ಕೂಡಲೇ ಏಳುವ ಪ್ರಶ್ನೆ ಒಂದೇ: ರಿಪೇರಿ ಮಾಡಿ ಮತ್ತೆ ಮೀನಿಗೆ ಇಳಿಸುವುದೋ, ಡಾಲ್ಫಿನ್ ತೋರಿಸುವ ಪ್ರವಾಸಿ ದೋಣಿ ಮಾಡುವುದೋ? ಎರಡೂ ಬಗೆಯ ಕೆಲಸ ಮಾಡಿ ನೋಡಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು: ಭಾರ ಎಲ್ಲಿ ಕೂರುತ್ತದೆ ಅನ್ನುವುದೇ ಇದನ್ನು ತೀರ್ಮಾನಿಸಬೇಕು, ಆದಾಯದ ಲೆಕ್ಕ ಆಮೇಲೆ. ಇಲ್ಲಿ ಹೇಳುವುದೆಲ್ಲ ಸುಮಾರು 26 ಅಡಿ ಉದ್ದ, 2.1 ಮೀಟರ್ ಅಗಲದ, ಔಟ್‌ಬೋರ್ಡ್ ಇಂಜಿನ್ ಕೂರಿಸಿದ ತೆರೆದ ದೋಣಿಯ ಬಗ್ಗೆ.

ಎರಡಕ್ಕೂ ತಪ್ಪದ ಕೆಲಸ

ಮೊದಲು ಟ್ರಾನ್ಸಮ್, ಅಂದರೆ ಇಂಜಿನ್ ನೇತಾಡುವ ಹಿಂಬದಿ ಗೋಡೆ. ಸಣ್ಣ ಸುತ್ತಿಗೆಯ ಹಿಡಿಯಿಂದ ಸಾಲಾಗಿ ಬಡಿಯುತ್ತ ಬನ್ನಿ. ಗಟ್ಟಿ ಇದ್ದಲ್ಲಿ ಟಕ್ ಎನ್ನುತ್ತದೆ, ಒಳಗಿನ ಪ್ಲೈವುಡ್ ಕೊಳೆತಲ್ಲಿ ಬೊದ್ದು ಸದ್ದು. ಅನುಮಾನವಿದ್ದರೆ ಒಳಗಿನಿಂದ, ಕೆಳಮೂಲೆಗಳಲ್ಲಿ 5 ಮಿ.ಮೀ. ತೂತು ಕೊರೆದು ಪುಡಿ ನೋಡಿ. ಕಪ್ಪಗೆ ಒದ್ದೆಯಾಗಿ ಬಂದರೆ ಟ್ರಾನ್ಸಮ್ ಹೋಗಿದೆ ಎಂದೇ ಅರ್ಥ. ನೀರು ಇಳಿಯುವುದು ಬಹುತೇಕ ಇಂಜಿನ್ ಬೋಲ್ಟಿನ ತೂತುಗಳಿಂದ. ತೂತಿನ ಒಳಗೋಡೆಗೆ ಎಪಾಕ್ಸಿ (ನೀರು ತಡೆಯುವ ಗಟ್ಟಿ ಅಂಟು) ಬಳಿಯದೆ ಬೋಲ್ಟ್ ಬಿಗಿದಿರುತ್ತಾರೆ.

ಸರಿಪಡಿಸುವುದು ಹೀಗೆ: ಒಳಗಿನ ಫೈಬರ್ ಪದರವನ್ನು ಸುತ್ತ 75 ಮಿ.ಮೀ. ಅಂಚು ಬಿಟ್ಟು ಕತ್ತರಿಸಿ ತೆಗೆಯಿರಿ, ಕೊಳೆತ ಮರವನ್ನೆಲ್ಲ ಉಳಿಯಿಂದ ಕೆತ್ತಿ ಹಾಕಿ ಒಣಗಲು ಬಿಡಿ. ಐಎಸ್ 710 ಗುರುತಿನ 18 ಮಿ.ಮೀ. ಮರೀನ್ ಪ್ಲೈ ಎರಡು ಹಾಳೆ, ನಡುವೆ ರೆಸಿನ್‌ನಲ್ಲಿ (ಕಲಸಿದ ಮೇಲೆ ಗಟ್ಟಿಯಾಗುವ ದ್ರವ) ತೋಯಿಸಿದ ಒಂದು ಪದರ ಮ್ಯಾಟ್, ಅಂದರೆ ಗಾಜಿನ ನಾರಿನ ಹಾಸು. ಪ್ಲೈನ ಕತ್ತರಿಸಿದ ಅಂಚುಗಳೇ ನೀರು ಕುಡಿಯುವ ಬಾಯಿ, ಅವಕ್ಕೆ ಎರಡು ಸಲ ರೆಸಿನ್ ಬಳಿಯಿರಿ. ಬೋಲ್ಟಿನ ತೂತನ್ನು ಬೇಕಾದ್ದಕ್ಕಿಂತ 6 ಮಿ.ಮೀ. ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಸರಿ ಅಳತೆಯಲ್ಲಿ ಮತ್ತೆ ಕೊರೆಯಬೇಕು. ಈ ಒಂದು ಕೆಲಸಕ್ಕೆ ಬೇಸರಪಟ್ಟರೆ ಮತ್ತೆ ಅದೇ ಗೋಡೆ ಒಡೆಯಬೇಕಾಗುತ್ತದೆ.

ಎರಡನೆಯದು ತಳ. ಗುಳ್ಳೆ ಎದ್ದಿದ್ದರೆ ಚುಚ್ಚಿ ನೋಡಿ. ವಿನೆಗರಿನಂಥ ಹುಳಿ ವಾಸನೆಯ ದ್ರವ ಬಂದರೆ ನೀರು ಲ್ಯಾಮಿನೇಟಿನ, ಅಂದರೆ ಅಂಟಿಸಿದ ಫೈಬರ್ ಪದರಗಳ ಒಳಗೆ ಸೇರಿದೆ. ಉಜ್ಜಿ ತೆರೆದು, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು ಒಣಗಿಸಬೇಕು. ಒಣಗಿತೇ ಎಂದು ತಿಳಿಯಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಚ್ಚಿ ಅಂಟಿಸಿ ಒಂದು ದಿನ ಬಿಡಿ. ಒಳಗೆ ಬೆವರು ಕಂಡರೆ ಇನ್ನೂ ಕಾಯಬೇಕು. ಒಂದು ನೆನಪಿರಲಿ: ಪಾಲಿಯೆಸ್ಟರ್ (ಇಂಥ ದೋಣಿ ಕಟ್ಟುವ ಮಾಮೂಲಿ ರೆಸಿನ್) ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಎಪಾಕ್ಸಿ ಬಳಿದ ಕಡೆ ಜೆಲ್ ಕೋಟ್ (ಫೈಬರಿನ ಹೊಳಪಿನ ಹೊರಪದರ) ಬಿಟ್ಟು ಪಿಯು, ಅಂದರೆ ಪಾಲಿಯುರೆಥೇನ್ ಪೇಂಟಿಗೆ ಹೋಗಿ.

ತೂತು ಮುಚ್ಚುವಾಗ ಅದರ ಸುತ್ತ ಇಳಿಜಾರಾಗಿ ಉಜ್ಜಬೇಕು, ಇಳಿಜಾರು 12ಕ್ಕೆ 1, ಅಂದರೆ ದಪ್ಪದ 12 ಪಟ್ಟು ಅಗಲ. ತಳ 8 ಮಿ.ಮೀ. ದಪ್ಪವಿದ್ದು 10 ಸೆಂ.ಮೀ. ತೂತಿದ್ದರೆ ಸುತ್ತ ಸುಮಾರು 10 ಸೆಂ.ಮೀ. ಉಜ್ಜಬೇಕು, ತೇಪೆ 30 ಸೆಂ.ಮೀ. ಅಗಲವಾಗುತ್ತದೆ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಐದು, 600 ಗ್ರಾಂ ತೂಗುವ ರೋವಿಂಗ್ (ನೇಯ್ದ ಗಾಜಿನ ಬಟ್ಟೆ) ನಾಲ್ಕು, ಒಂದರ ಮೇಲೊಂದು ಬದಲಿಸಿ ಹಾಕಿದರೆ ಆ ದಪ್ಪ ಬರುತ್ತದೆ. ಇಳಿಜಾರಿಲ್ಲದೆ ತೂತಿನ ಮೇಲೆ ಮ್ಯಾಟ್ ಅಂಟಿಸಿದ ತೇಪೆಯನ್ನು ಅಲೆಯ ಹೊಡೆತ ಕಿತ್ತೊಗೆಯುತ್ತದೆ.

ಹಾರ್ಡ್‌ನರ್ (ರೆಸಿನ್ ಗಟ್ಟಿಯಾಗಿಸುವ ದ್ರವ) ಒಂದು ಕಿಲೋ ಪಾಲಿಯೆಸ್ಟರ್ ರೆಸಿನ್‌ಗೆ 10ರಿಂದ 20 ಗ್ರಾಂ. ಏಪ್ರಿಲ್, ಮೇ ಬಿಸಿಲಿಗೆ 10 ಸಾಕು. ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ) ಬೇರೆಯಾಗಿ ಬರುವ ರೆಸಿನ್ ಆದರೆ ಮೊದಲು ಅದನ್ನು ರೆಸಿನ್‌ಗೆ ಕಲಸಿ, ಆಮೇಲೆ ಹಾರ್ಡ್‌ನರ್ ಹಾಕಿ. ಕೋಬಾಲ್ಟೂ ಹಾರ್ಡ್‌ನರೂ ನೇರವಾಗಿ ಸೇರಿದರೆ ಬೆಂಕಿ ಹೊತ್ತಿಕೊಂಡು ಸಿಡಿಯುತ್ತದೆ. ಎರಡೂ ಬಾಟಲಿಗಳನ್ನು ಒಂದೇ ಬಕೆಟ್ಟಿನಲ್ಲಿ ಇಡಲೂ ಬೇಡಿ.

ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಬಿಡುವಿದೆ ಎಂದು ಎಲ್ಲರೂ ಆಗಲೇ ಫೈಬರ್ ಕೆಲಸ ಹಿಡಿಯುತ್ತಾರೆ. ಕೆಲಸಕ್ಕೆ ಅದೇ ಅತಿ ಕೆಟ್ಟ ಕಾಲ. ಮ್ಯಾಟ್ ತೇವ ಹೀರಿಕೊಂಡರೆ ಲ್ಯಾಮಿನೇಟ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಪದರ ಬಿಡುತ್ತದೆ. ಗಟ್ಟಿಯಾಗಲಿಲ್ಲ ಎಂದು ಹಾರ್ಡ್‌ನರ್ ಹೆಚ್ಚಿಸಿದರೆ ರೆಸಿನ್ ಬಿರುಸಾಗುತ್ತದೆಯೇ ಹೊರತು ಬಲ ಬರುವುದಿಲ್ಲ. ಮಳೆಗಾಲದಲ್ಲಿ ಮರ ಕೆತ್ತುವುದು, ಉಜ್ಜುವುದು, ಇಂಜಿನ್ ಬಿಚ್ಚುವುದು ಮಾಡಿಕೊಳ್ಳಿ. ರೆಸಿನ್ ಮೇ ತಿಂಗಳೊಳಗೆ ಮುಗಿಯಲಿ, ಇಲ್ಲವೇ ಮಳೆ ಬಿಟ್ಟ ಮೇಲೆ ಆಗಲಿ.

ಮೀನಿಗೇ ಇಳಿಸಿದರೆ

ಮೇಲಿನ ಕೆಲಸ ಮುಗಿದರೆ ಮುಕ್ಕಾಲು ಪಾಲು ಮುಗಿದಂತೆಯೇ. ಉಳಿಯುವುದು ಮರಳಿನ ಮೇಲೆ ಎಳೆದೆಳೆದು ಸವೆದ ಕೀಲು, ಅಂದರೆ ತಳದ ನಡುವೆ ಉದ್ದಕ್ಕೂ ಇರುವ ಏಣು. ಅದಕ್ಕೆ 15 ಸೆಂ.ಮೀ. ಅಗಲದಲ್ಲಿ ನಾಲ್ಕೈದು ಪದರ ಮ್ಯಾಟ್ ಹೆಚ್ಚುವರಿ ಹಾಕಿ. ಇದು ಸವೆಯಲೆಂದೇ ಹಾಕುವ ಪದರ, ವರ್ಷಕ್ಕೊಮ್ಮೆ ನೋಡಿ ತುಂಬುತ್ತಿರಬೇಕು. ದಡಕ್ಕೆ ಎಳೆಯುವ ದೋಣಿಗೆ ಪಾಚಿ, ಚಿಪ್ಪು ಹಿಡಿಯದಂತೆ ಬಳಿಯುವ ದುಬಾರಿ ಆಂಟಿಫೌಲಿಂಗ್ ಬಣ್ಣ ದಂಡ, ಮರಳೇ ಅದನ್ನು ಕೆರೆದುಬಿಡುತ್ತದೆ. ಜುವಾರಿಯಲ್ಲೋ ಮಾಂಡವಿಯಲ್ಲೋ ಸದಾ ನೀರಲ್ಲೇ ನಿಲ್ಲುವ ದೋಣಿಗೆ ಮಾತ್ರ ಬೇಕು.

ತಳ ತೆಳುವಾಗಿ ಒತ್ತಿದರೆ ಬಗ್ಗುವಂತಿದ್ದರೆ ಒಳಗಿನಿಂದ ಎರಡು ಮ್ಯಾಟ್, ನಡುವೆ ಒಂದು ರೋವಿಂಗ್ ಹೊದಿಸಬಹುದು. ಹತ್ತು ಚದರ ಮೀಟರಿಗೆ ಗಾಜಿನ ಬಟ್ಟೆ 15 ಕಿಲೋ, ರೆಸಿನ್ 27-28 ಕಿಲೋ. ದೋಣಿಗೆ ಕೂಡುವ ತೂಕ 42 ಕಿಲೋ ಆಸುಪಾಸು, ಅದೂ ತಳದಲ್ಲೇ. ಹಾಗಾಗಿ ಹಾನಿಯಿಲ್ಲ. ಇದರಲ್ಲಿ ಹಾಳಾಗುವ ಕೆಲಸವೆಂದರೆ ಒಂದೇ, ಹಳೇ ಬಣ್ಣ, ಎಣ್ಣೆ, ಮೀನಿನ ಜಿಡ್ಡು ಪೂರ್ತಿ ಉಜ್ಜದೆ ಹೊದಿಸುವುದು. ಮೊದಲು ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಉಜ್ಜಿ. ಮೊದಲೇ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಹೊಕ್ಕು ಕೂರುತ್ತದೆ.

ಜನ ಕೂರಿಸಲು ಹೊರಟರೆ

ಮೀನು ದೋಣಿಯ ತಳದಲ್ಲಿ ಬಿದ್ದಿರುತ್ತದೆ. ಜನ ಹಾಗಲ್ಲ. 750 ಕಿಲೋ ಮೀನು, ಐಸಿನ ತೂಕದ ಕೇಂದ್ರ ಕೀಲಿನಿಂದ 25-30 ಸೆಂ.ಮೀ. ಎತ್ತರದಲ್ಲಿ. ಅದೇ 750 ಕಿಲೋ ಹತ್ತು ಜನರಾಗಿ ಬೆಂಚಿನ ಮೇಲೆ ಕೂತರೆ 90 ಸೆಂ.ಮೀ. ದಾಟುತ್ತದೆ, ಎದ್ದು ನಿಂತರೆ ಇನ್ನೂ ಮೇಲೆ. ಮೀನು ಡಾಲ್ಫಿನ್ ನೋಡಲು ಒಂದೇ ಬದಿಗೆ ಓಡುವುದೂ ಇಲ್ಲ.

ಲೆಕ್ಕ ಹಾಕಲು ಒಂದು ಸುಲಭ ದಾರಿಯಿದೆ. ನಿಂತ ನೀರಿನಲ್ಲಿ ಖಾಲಿ ದೋಣಿಯನ್ನು ತುಸು ವಾಲಿಸಿ ಬಿಟ್ಟು, ಒಂದು ಪೂರ್ಣ ತೂಗಾಟಕ್ಕೆ ಎಷ್ಟು ಸೆಕೆಂಡು ಎಂದು ಹತ್ತು ತೂಗಾಟದ ಸರಾಸರಿ ತೆಗೆಯಿರಿ. ಅಗಲವನ್ನು 0.8ರಿಂದ ಗುಣಿಸಿ, ಆ ಸೆಕೆಂಡಿನಿಂದ ಭಾಗಿಸಿ, ವರ್ಗ ಮಾಡಿದರೆ ಸ್ಥಿರತೆಯ ಎತ್ತರ ಮೀಟರಿನಲ್ಲಿ ಸಿಗುತ್ತದೆ. ಇದು ಹೆಚ್ಚಿದ್ದಷ್ಟೂ ದೋಣಿ ವಾಲುವುದು ಕಡಿಮೆ. 2.1 ಮೀಟರ್ ಅಗಲ, 2.4 ಸೆಕೆಂಡ್ ಆದರೆ 0.49. ಈಗ ಜನ ಸಹಿತ 1800 ಕಿಲೋ ದೋಣಿಯಲ್ಲಿ ಹತ್ತು ಜನ 60 ಸೆಂ.ಮೀ. ಒಂದು ಬದಿಗೆ ಸರಿದರು ಎನ್ನಿ: 450 ಕಿಲೋಗ್ರಾಂ-ಮೀಟರ್ ತಿರುಚು, ವಾಲುವಿಕೆ ಸುಮಾರು 27 ಡಿಗ್ರಿ, ಅಂಚು ಅರ್ಧ ಮೀಟರ್ ಕೆಳಗೆ. ಇಂಥ ದೋಣಿಯ ಅಂಚು ತುಂಬಿದಾಗ ನೀರಿನಿಂದ ಇರುವುದೇ ಅಷ್ಟು ಎತ್ತರ. ಇದು ಸ್ಥೂಲ ಲೆಕ್ಕ, ಜನ ಹತ್ತಿದ ಮೇಲೆ 0.49 ಇನ್ನೂ ಇಳಿಯುತ್ತದೆ. ಆರು ಜನರಿಗಾದರೆ ಅದೇ ದೋಣಿ 20 ಡಿಗ್ರಿ ಆಸುಪಾಸಿನಲ್ಲಿ ನಿಲ್ಲುತ್ತದೆ. ಪರಿವರ್ತನೆ ಲಾಭದ್ದೆನ್ನುವವರ ಲೆಕ್ಕದಲ್ಲಿ ಇರುವುದು ಹತ್ತು ಸೀಟು, ಈ ದೋಣಿ ಹೊರುವುದು ಆರು.

ಕಟ್ಟುವಾಗಿನ ದೊಡ್ಡ ತಪ್ಪು, ಜಾಗ ಬೇಕೆಂದು ಅಡ್ಡಹಲಗೆಗಳನ್ನು ಕತ್ತರಿಸುವುದು. ಅವು ಕೂರಲು ಮಾತ್ರ ಇಟ್ಟ ಹಲಗೆಗಳಲ್ಲ, ಎರಡೂ ಬದಿಯನ್ನು ಹಿಡಿದಿಟ್ಟಿರುವುದು ಅವೇ. ತೆಗೆದರೆ ಬದಿಗಳು ಅಲೆಗೆ ಒಳಗೆ ಹೊರಗೆ ಉಸಿರಾಡತೊಡಗುತ್ತವೆ, ಅಂಚಿನುದ್ದಕ್ಕೂ ಜೆಲ್ ಕೋಟ್ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ. ಕತ್ತರಿಸಲೇಬೇಕಾದರೆ ಮೊದಲು ಬದಿಗಳಿಗೆ ಫ್ರೇಮ್ ಕೂರಿಸಿ, ನೆಲದ ಕೆಳಗೆ ಅಡ್ಡ ತೊಲೆ ಕಟ್ಟಿ, ಕೊನೆಗೆ ಹಲಗೆಗೆ ಗರಗಸ ಹಾಕಿ.

ನೆಲಕ್ಕೆ 12 ಮಿ.ಮೀ. ಪ್ಲೈ, ಎರಡೂ ಮುಖಕ್ಕೆ ಎರಡೆರಡು ಮ್ಯಾಟ್. ನೀರು ತಾನೇ ಹೊರಹೋಗಲಿ ಎಂದು ನೆಲವನ್ನು ನೀರಿನ ಮಟ್ಟಕ್ಕಿಂತ ಮೇಲೆತ್ತುವ ಆಸೆ ಬೇಡ. ನೆಲ 20 ಸೆಂ.ಮೀ. ಎದ್ದರೆ ಜನರ ತೂಕವೂ 20 ಸೆಂ.ಮೀ. ಏಳುತ್ತದೆ. ತಗ್ಗಿನಲ್ಲೇ ಬಿಟ್ಟು, ನೀರು ಏರಿದಾಗ ತಾನೇ ಚಾಲೂ ಆಗುವ ಫ್ಲೋಟ್ ಸ್ವಿಚ್ಚಿನ ಬಿಲ್ಜ್ ಪಂಪ್ (ತಳದ ನೀರೆತ್ತುವ ಪಂಪು) ಹಾಕಿ. ಪೆಟ್ಟಿಗೆಯ ಮೇಲೆ ಬರೆದ ಸಾಮರ್ಥ್ಯದ ಅರ್ಧದಷ್ಟೇ ಕೈಗೆ ಸಿಗುತ್ತದೆಂದು ತಿಳಿದು ಕೊಳ್ಳಿ. ನೆರಳಿಗೆ ಫೈಬರ್ ಚಾವಣಿ ಬೇಡ, ಅಲ್ಯೂಮಿನಿಯಂ ಪೈಪು, ಬಟ್ಟೆ ಸಾಕು.

ತೇಲುವ ಫೋಮ್ ಕಡ್ಡಾಯ. ಒಂದು ಘನ ಮೀಟರ್ ಪಿಯು ಫೋಮ್ 950 ಕಿಲೋಗಿಂತ ಹೆಚ್ಚು ಎತ್ತಿ ಹಿಡಿಯುತ್ತದೆ, ಈ ಅಳತೆಗೆ ಅರ್ಧ ಘನ ಮೀಟರ್ ಹಾಕಿ. ಅದು ಬದಿಗಳ ಮೇಲ್ಭಾಗದಲ್ಲಿ ಇರಬೇಕು. ನೆಲದಡಿ ತುಂಬಿದರೆ ನೀರು ಹೊಕ್ಕಾಗ ದೋಣಿ ಮಗುಚುತ್ತದೆ, ವರ್ಷ ಕಳೆದಂತೆ ಫೋಮೂ ನೀರು ಕುಡಿಯುತ್ತದೆ. ಅಗ್ಗವೆಂದು ಥರ್ಮೋಕೋಲ್ ತುರುಕಬೇಡಿ. ಪಾಲಿಯೆಸ್ಟರ್ ರೆಸಿನ್ ತಾಗಿದಲ್ಲೇ ಕರಗುತ್ತದೆ, ಪೆಟ್ರೋಲಿಗೂ ಅಷ್ಟೇ.

ಕಾಗದಪತ್ರದ ವಿಷಯವೂ ಇಲ್ಲಿ ಬೇರೆಯಾಗುತ್ತದೆ. ಮೀನಿನ ದೋಣಿ ಮೀನುಗಾರಿಕೆ ನಿರ್ದೇಶನಾಲಯದ ನೋಂದಣಿಯಲ್ಲಿರುತ್ತದೆ, ಪ್ರವಾಸಿ ದೋಣಿ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಗೆ ಬರುತ್ತದೆ. ಗರಗಸ ಹಿಡಿಯುವ ಮೊದಲೇ ನಕ್ಷೆ ಹಿಡಿದು ಅಲ್ಲಿ ಕೇಳಿ. ಆಮೇಲೆ ಕೇಳಿದರೆ ಕಟ್ಟಿದ್ದನ್ನು ಬಿಚ್ಚಬೇಕಾದೀತು.

ನಡುದಾರಿ, ಮತ್ತೆ ಬ್ಯಾಟರಿ

ನಮ್ಮ ಕೈ ಒಲಿಯುವುದು ಮೂರನೆಯದಕ್ಕೆ: ನಾಲ್ಕು ಜನ ಗಾಳ ಹಾಕುವ ದೋಣಿ. ಅಡ್ಡಹಲಗೆ ಹಾಗೇ ಇರುತ್ತದೆ, ಐಸ್ ಪೆಟ್ಟಿಗೆಯೇ ಆಸನ, ಹೊಸದಾಗಿ ಬೇಕಾದ್ದು ಗಾಳದ ಕೋಲು ಸಿಕ್ಕಿಸುವ ರಾಡ್ ಹೋಲ್ಡರ್ ಮತ್ತು ಹಿಡಿಕಂಬಿ. ಹೋಲ್ಡರಿನ ಕೆಳಗೆ 12 ಮಿ.ಮೀ. ಪ್ಲೈ ಅಂಗೈಯಗಲ ಕೊಡಿ, ಬರೀ ಫೈಬರಿಗೆ ಸ್ಕ್ರೂ ಹಾಕಿದರೆ ದೊಡ್ಡ ಮೀನು ಎಳೆದ ದಿನ ಸ್ಕ್ರೂ ಸಮೇತ ಹೋಗುತ್ತದೆ. ಹಣ ಪಡೆದು ಕರೆದೊಯ್ದರೆ ಇದಕ್ಕೂ ಪ್ರಯಾಣಿಕ ದೋಣಿಯ ಪರವಾನಗಿಯೇ ಬೇಕು.

ಬ್ಯಾಟರಿ ಇಂಜಿನ್ ಸಾಲ್ ನದಿಯ ಹಿನ್ನೀರಿಗೆ ಸರಿ: 5 ಕಿಲೋವಾಟ್-ಗಂಟೆಯ ಬ್ಯಾಟರಿ, ತೂಕ 50 ಕಿಲೋ ಆಸುಪಾಸು, ನಿಧಾನಕ್ಕೆ 2 ಕಿಲೋವಾಟಿನಲ್ಲಿ ಎರಡೂವರೆ ಗಂಟೆ. ಸಮುದ್ರಕ್ಕೆ ಬೇಡ. 25 ಲೀಟರ್ ಪೆಟ್ರೋಲಿನ ಕೆಲಸಕ್ಕೆ 300 ಕಿಲೋ ಮೀರಿದ ಬ್ಯಾಟರಿ ಹೊರಬೇಕಾಗುತ್ತದೆ.

ಯಾವುದೇ ಆಗಲಿ, ಜನ ಹತ್ತಿಸುವ ಮೊದಲು 50 ಕಿಲೋ ಮರಳಿನ ಚೀಲಗಳಿಂದ ಪರೀಕ್ಷೆ ಮಾಡಿ. ಆರು ಜನಕ್ಕೆ ಒಂಬತ್ತು ಚೀಲ, ಬೆಂಚಿನ ಎತ್ತರದಲ್ಲೇ ಇಡಬೇಕು. ನದಿಯಲ್ಲಿ, ಇಳಿತ ನಿಂತ ಹೊತ್ತಿನಲ್ಲಿ ಎಲ್ಲವನ್ನೂ ಒಂದು ಬದಿಗೆ ಸರಿಸಿ, ಅಂಚಿನಿಂದ ನೀರಿಗೆ ಅಳೆಯಿರಿ. 15 ಸೆಂ.ಮೀ.ಗಿಂತ ಕಡಿಮೆ ಉಳಿದರೆ ಒಂದೊಂದೇ ಚೀಲ ಇಳಿಸುತ್ತ ಬನ್ನಿ. ಅಳತೆ ಸರಿಹೋದಾಗ ಉಳಿದ ಚೀಲಗಳ ತೂಕವನ್ನು 75ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ದೋಣಿಯ ಬದಿಗೆ ಬಣ್ಣದಲ್ಲಿ ಬರೆಸಿ.