ಡ್ಯೂಪ್ಲೆಕ್ಸ್ ಹಾಳೆಯ ಉಳಿಕೆ ಒತ್ತಡದ ಅಳತೆ: ಪೀಣ್ಯದ ಪ್ರಯೋಗಾಲಯವೊಂದರ ಸೇವೆ

ಡ್ಯೂಪ್ಲೆಕ್ಸ್ ಸ್ಟೇನ್‌ಲೆಸ್ ಸ್ಟೀಲ್ ಹಾಳೆಯಿಂದ ಪ್ರೆಸ್ಸಿನಲ್ಲಿ ಒತ್ತಿ ತೆಗೆದ ಭಾಗಗಳಲ್ಲಿ ಉಳಿದುಕೊಳ್ಳುವ ಒತ್ತಡವನ್ನು ಕ್ಷ-ಕಿರಣ ವಿವರ್ತನೆಯ (ಕಿರಣ ಚದುರುವ ಕೋನದಿಂದ ಹರಳಿನ ಪರಮಾಣು ಪದರಗಳ ಅಂತರ ತಿಳಿಯುವ) ವಿಧಾನದಿಂದ ಅಳೆದುಕೊಡುವ ಖಾಸಗಿ ಪ್ರಯೋಗಾಲಯವೊಂದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿದೆ. ಡ್ಯೂಪ್ಲೆಕ್ಸ್ ಎಂದರೆ ಫೆರೈಟ್, ಆಸ್ಟಿನೈಟ್ ಎಂಬ ಎರಡು ಬೇರೆ ಹರಳು ರಚನೆಗಳು, ಅಂದರೆ ಹಂತಗಳು, ಬೆರೆತಿರುವ ಉಕ್ಕು. ಈ ಉಕ್ಕಿನ 2205 ದರ್ಜೆಯ ಹಾಳೆಯಲ್ಲಿ ಡೀಪ್ ಡ್ರಾಯಿಂಗ್ (ಹಾಳೆಯನ್ನು ಅಚ್ಚಿನೊಳಗೆ ಒತ್ತಿ ಬಟ್ಟಲಿನಾಕಾರಕ್ಕೆ ಎಳೆಯುವುದು) ಮಾಡಿದ ಪಂಪ್ ಕವಚಗಳನ್ನು ನಾವು ಅಲ್ಲಿ ಪರೀಕ್ಷೆಗೆ ಕೊಟ್ಟಿದ್ದೆವು. ಕೆಲಸ ಅಚ್ಚುಕಟ್ಟಾಗಿದೆ, ಆದರೆ ಏನನ್ನು ಕೇಳಿ ಪಡೆಯಬೇಕೆಂದು ತಿಳಿದ ಗ್ರಾಹಕನಿಗೆ ಮಾತ್ರ ಕೊಟ್ಟ ಹಣದ ಪೂರ್ಣ ಪ್ರಯೋಜನ ದೊರೆಯುತ್ತದೆ.

ಮೊದಲ ದರಪಟ್ಟಿಯಲ್ಲಿ ಫೆರೈಟ್ ಹಂತದ ಅಳತೆಯಷ್ಟೇ ಇತ್ತು. ಕ್ರೋಮಿಯಂ ಬಳಸಿದ ಕ್ಷ-ಕಿರಣ ಕೊಳವೆಯ ಕಿರಣದಲ್ಲಿ ಫೆರೈಟಿನ 211 ಶಿಖರ (211 ಎಂದು ಗುರುತಿಸುವ ಪರಮಾಣು ಪದರಗಳಿಂದ ಕಿರಣ ಪ್ರಬಲವಾಗಿ ಚದುರುವ ಜಾಗ) ಸುಮಾರು 156 ಡಿಗ್ರಿ ಕೋನದಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಆಸ್ಟಿನೈಟಿನ 311 ಶಿಖರಕ್ಕೆ ಮ್ಯಾಂಗನೀಸ್ ಕೊಳವೆ ಹಾಕಿದರೆ ಒಳ್ಳೆಯದು. ಕೊಳವೆ ಬದಲಿಸಲು ಸಮಯವೂ ಹಣವೂ ಬೇಕು. ಆದರೂ ಇಲ್ಲಿ ಉಳಿತಾಯ ಮಾಡಬಾರದು. 2205ರಲ್ಲಿ ಈ ಎರಡು ಹಂತಗಳೂ ಹೆಚ್ಚುಕಡಿಮೆ ಸಮಪಾಲಿನಲ್ಲಿರುತ್ತವೆ. ಕಾರ್ಖಾನೆಯಲ್ಲಿ ಹಾಳೆ ತಣಿಯುವಾಗ ಆಸ್ಟಿನೈಟ್ ಹೆಚ್ಚು ಕುಗ್ಗಲು ಹೊರಟು, ಫೆರೈಟ್ ಅದಕ್ಕೆ ಅಡ್ಡ ನಿಲ್ಲುವುದರಿಂದ, ಹಾಳೆ ಡೈ (ಅಚ್ಚು) ಸೇರುವ ಮುನ್ನವೇ ಆಸ್ಟಿನೈಟಿನಲ್ಲಿ ಎಳೆತವೂ ಫೆರೈಟಿನಲ್ಲಿ ಸಂಪೀಡನವೂ ನೆಲೆಸಿರುತ್ತವೆ. ಡ್ರಾಯಿಂಗಿನಿಂದ ಹುಟ್ಟುವ ಒತ್ತಡ ಇದರ ಮೇಲೆ ಸೇರುತ್ತದೆ. ಆದ್ದರಿಂದ ಫೆರೈಟಿನ ಅಂಕಿ ಮಾತ್ರ ನೋಡಿ ಭಾಗ ಸುರಕ್ಷಿತವೆಂದು ತೀರ್ಮಾನಿಸಿದರೆ, ಎಳೆತ ಹೆಚ್ಚಿರುವ ಅರ್ಧ ಲೋಹವನ್ನು ನೋಡದೆ ಬಿಟ್ಟಂತಾಗುತ್ತದೆ. ನಾವು ಎರಡನ್ನೂ ಅಳೆಯಲು ಕೇಳಿದಾಗ ಅವರು ಹಿಂಜರಿಯದೆ ಒಪ್ಪಿ, ಪ್ರತಿ ಹಂತಕ್ಕೂ ಅದರದೇ ಸ್ಥಿತಿಸ್ಥಾಪಕ ಸ್ಥಿರಾಂಕಗಳನ್ನು ಬಳಸಿ ಲೆಕ್ಕ ಹಾಕಿದರು.

ವರದಿಯಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ನಕ್ಷೆಗಳು. ರೋಲಿಂಗ್ ಆದ ಹಾಳೆಯಲ್ಲಿ ಕಣಗಳು ಒಂದೇ ದಿಕ್ಕಿಗೆ ವಾಲಿರುವುದರಿಂದ ಬೇರೆ ಬೇರೆ ಓರೆಯಲ್ಲಿ ಅಳೆದ ಪದರ-ಅಂತರದ ಬಿಂದುಗಳು ನೇರ ರೇಖೆಯ ಮೇಲೆ ಕೂರದೆ ಅಲೆಯುತ್ತವೆ. ಅದನ್ನು ಮುಚ್ಚಿಡದೆ, ಎಲ್ಲ ಬಿಂದುಗಳನ್ನೂ ಅನಿಶ್ಚಿತತೆಯ ಮಿತಿಯೊಂದಿಗೆ ತೋರಿಸಿದ್ದಾರೆ. ರಂಧ್ರ ಕೊರೆಯುವ ವಿಧಾನವನ್ನೂ (ಸಣ್ಣ ರಂಧ್ರ ಕೊರೆದು ಸುತ್ತಲಿನ ಲೋಹ ಎಷ್ಟು ಸಡಿಲವಾಯಿತೆಂದು ಅಳೆಯುವುದು) ಸೇರಿಸಿ ಎಂದು ಕೇಳಿದಾಗ, ಇಷ್ಟು ತೆಳುವಾದ ಹಾಳೆಯಲ್ಲಿ ಒತ್ತಡ ಹೊರಮೈಯಿಂದ ಒಳಮೈಗೆ ಚಿಹ್ನೆಯನ್ನೇ (ಎಳೆತವೋ ಸಂಪೀಡನವೋ ಎಂಬುದನ್ನೇ) ಬದಲಿಸುವುದರಿಂದ ಆ ಲೆಕ್ಕ ನಂಬಲರ್ಹವಲ್ಲ ಎಂದು ವಿವರಿಸಿ, ಬರಬಹುದಾಗಿದ್ದ ಆದಾಯವನ್ನು ತಾವೇ ಬಿಟ್ಟರು. ಬದಲಿಗೆ ಕವಚದ ಗೋಡೆಯಿಂದ ಉಂಗುರವೊಂದನ್ನು ಕತ್ತರಿಸಿ, ಅದನ್ನು ಸೀಳಿ, ಬಾಯಿ ಎಷ್ಟು ತೆರೆಯುತ್ತದೆಂದು ಅಳೆಯುವ ಹಳೆಯ ಪರೀಕ್ಷೆಯನ್ನು ಸೂಚಿಸಿದರು. ಉಂಗುರ ಎದ್ದು ಕಾಣುವಂತೆ ತೆರೆದುಕೊಂಡಿತು; ಗೋಡೆಯ ಹೊರಮೈಯಲ್ಲಿ ಎಳೆತವಿದೆ ಎಂಬ ಕ್ಷ-ಕಿರಣದ ಫಲಿತಾಂಶಕ್ಕೂ ಇದಕ್ಕೂ ತಾಳೆಯಾಯಿತು.

ಕೊರತೆಗಳೂ ಇವೆ. ಎರಡು ಹಂತಗಳ ಅಂಕಿಗಳನ್ನು ಕೂಡಿಸಿ ಒಟ್ಟು ಒತ್ತಡ ತಿಳಿಯಬೇಕಾದರೆ ಪ್ರತಿ ಹಂತದ ಪ್ರಮಾಣ ಗೊತ್ತಿರಬೇಕು. ಅದು ವರದಿಯಲ್ಲಿರಲಿಲ್ಲ, ಕೇಳಿದ ಮೇಲೆ ಬಂತು. ಕಿರಣ ಕೆಲವೇ ಮೈಕ್ರಾನ್ ಆಳಕ್ಕೆ ಇಳಿಯುತ್ತದೆಯಾದ್ದರಿಂದ, ಡೈಯ ಉಜ್ಜುವಿಕೆಯಿಂದ ಮೇಲ್ಮೈಯಲ್ಲಷ್ಟೇ ಉಂಟಾದ ಒತ್ತಡವನ್ನು ಬೇರ್ಪಡಿಸಲು ಎಲೆಕ್ಟ್ರೋಪಾಲಿಷಿಂಗ್‌ನಿಂದ (ವಿದ್ಯುತ್-ರಾಸಾಯನಿಕವಾಗಿ ಲೋಹ ಕರಗಿಸುವುದು) ಪದರ ತೆಗೆದು ಮತ್ತೆ ಅಳೆಯಬೇಕು. ಅದಕ್ಕೆ ಬಿಂದುವೊಂದಕ್ಕೆ ಪ್ರತ್ಯೇಕ ಶುಲ್ಕವಿದ್ದು, ಸಣ್ಣ ಘಟಕಗಳಿಗೆ ಇದು ಹೊರೆಯೇ ಸರಿ. ಒತ್ತಡ ಇಳಿಸುವ ಶಾಖೋಪಚಾರದ ಬಗ್ಗೆ ವರದಿ ಮೌನವಾಗಿರುವುದು ನನಗೆ ಸರಿ ಕಾಣಲಿಲ್ಲ. ಸಾಧಾರಣ ಉಕ್ಕಿನಂತೆ ಇದನ್ನು 600ರಿಂದ 700 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ ಸಿಗ್ಮಾ ಎಂಬ ಗಡುಸಾದ, ಸುಲಭವಾಗಿ ಒಡೆಯುವ ಹಂತ ಹುಟ್ಟಿ ಲೋಹ ಪೆಡಸಾಗುತ್ತದೆ, 475 ಡಿಗ್ರಿಯ ಆಸುಪಾಸೂ ಅಪಾಯಕರವೇ. 1020 ಡಿಗ್ರಿಗಿಂತ ಮೇಲೆ ಕಾಯಿಸಿ ನೀರಿನಲ್ಲಿ ಬೇಗನೆ ತಣಿಸುವುದೊಂದೇ ನಂಬಬಹುದಾದ ದಾರಿ, ಆದರೆ ತೆಳು ಭಾಗ ಅದರಲ್ಲಿ ಸೊಟ್ಟಗಾಗಬಹುದು. ಹೆಚ್ಚಿನ ಒತ್ತಡದ ಅಂಕಿ ಕಂಡ ಗ್ರಾಹಕ ಮೊದಲು ಕುಲುಮೆಯತ್ತಲೇ ಓಡುವುದರಿಂದ, ಈ ಎಚ್ಚರಿಕೆ ಪ್ರತಿ ಡ್ಯೂಪ್ಲೆಕ್ಸ್ ವರದಿಯಲ್ಲೂ ಇರಬೇಕು.

ಕತ್ತರಿಸಿದರೆ ಒತ್ತಡದ ಒಂದಿಷ್ಟು ಬಿಡುಗಡೆಯಾಗುವುದರಿಂದ ಭಾಗವನ್ನು ತುಂಡರಿಸದೆ ಇಡಿಯಾಗಿ ಕಳುಹಿಸಿ. ಅವರ ಯಂತ್ರಕ್ಕೆ ಹಿಡಿಸದಷ್ಟು ದೊಡ್ಡದಾಗಿದ್ದರೆ, ಕತ್ತರಿಸುವ ಮುನ್ನ ಸ್ಟ್ರೇನ್ ಗೇಜ್ (ಲೋಹದ ಅತಿಸಣ್ಣ ಹಿಗ್ಗು-ಕುಗ್ಗನ್ನು ಅಳೆಯುವ ಪಟ್ಟಿ) ಅಂಟಿಸಿ, ಬಿಡುಗಡೆಯಾದ ವಿಕಾರವನ್ನು ದಾಖಲಿಸಿ ವರದಿಗೆ ಸೇರಿಸುವಂತೆ ಮೊದಲೇ ಲಿಖಿತವಾಗಿ ತಿಳಿಸಿ.