ರಸ್ತೆ ಪಕ್ಕದ ಟೆಂಟು, ಬೆನ್ನ ಮೇಲಿನ ಟೆಂಟು, ಕುದುರೆ ಬಿಡಾರ: ಒಂದೇ ಬೆಟ್ಟದಲ್ಲಿ ಮೂರು ಶಿಕಾರಿ

ಎಲ್ಕ್ ಶಿಕಾರಿಗೆ ಹೊರಡುವವರು ಮೊದಲು ಕೇಳುವುದು ‘ಪ್ರಾಣಿ ಎಲ್ಲಿದೆ’ ಅಂತ. ನಾವೂ ಹಾಗೇ ಕೇಳಿದೆವು. ‘ಹೊಡೆದ ಮೇಲೆ ಹೊರುವುದು ಹೇಗೆ’ ಅಂತ ಕೇಳಬೇಕು ಅನ್ನೋದು ಗೊತ್ತಾಗಲು ಎರಡು ವರ್ಷ ಬೇಕಾಯಿತು.

ನಮ್ಮೂರು ಸೋಮವಾರಪೇಟೆ ಕಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಲ್ಲಿ ಶಿಕಾರಿ ಅಜ್ಜನ ಕಥೆಯಾಗಿಬಿಟ್ಟಿತು. ಇಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ತರಬೇತಿ ಮುಗಿಸಿ ಟ್ಯಾಗ್ (ಒಂದು ಪ್ರಾಣಿ ಹೊಡೆಯುವ ಪರವಾನಗಿ) ಕೊಂಡರೆ ಸರ್ಕಾರಿ ಕಾಡಿನಲ್ಲಿ ಯಾರು ಬೇಕಾದರೂ ಬೇಟೆಯಾಡಬಹುದು. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ. ನಾನು, ಭಾವ ಮೂರು ವರ್ಷವೂ ಇಲ್ಲಿನ ಬೆಟ್ಟಪ್ರದೇಶವಾದ ಫ್ಲಾಟ್ ಟಾಪ್ಸ್‌ಗೇ ಹೋದೆವು. ಮೂರು ಸಲವೂ ಅಕ್ಟೋಬರ್ ಕೊನೆಯಲ್ಲೇ. ಬದಲಾಗಿದ್ದು ಬಿಡಾರ ಮಾತ್ರ.

ಮೊದಲ ವರ್ಷ ಟ್ರಕ್ ಪಕ್ಕದಲ್ಲೇ ದೊಡ್ಡ ಟೆಂಟು. ಊಟದ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. 10,000 ಅಡಿ ಎತ್ತರದಲ್ಲಿ ನೀರು 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿ ಇಟ್ಟರೆ ಅನ್ನ ಅರೆಬೆಂದೇ ಉಳಿಯುತ್ತದೆ. ನಮ್ಮ ಹತ್ತಿರ ಕುಕ್ಕರ್ ಇತ್ತು. ಬಿಸಿ ಅನ್ನ, ಸಾರು, ಒಳಗೆ ಹೀಟರ್. ಆದರೆ ಆ ಸುಖ ಬೇಕೆಂದು ಬಂದವರು ನಾವಿಬ್ಬರೇ ಅಲ್ಲವಲ್ಲ! ಎಲ್ಲಿ ನೋಡಿದರೂ ಕಿತ್ತಳೆ ಬಣ್ಣದ ಅಂಗಿ, ಟೋಪಿ (ರೈಫಲ್ ಸೀಸನ್‌ನಲ್ಲಿ ಕಿತ್ತಳೆಯೋ ಗುಲಾಬಿಯೋ ಕಡ್ಡಾಯ). ಬೆಳಗಿನ ಮೂರಕ್ಕೆ ಎದ್ದು ಹತ್ತಿದರೂ ನಾವು ದಿಣ್ಣೆ ಮುಟ್ಟುವ ಹೊತ್ತಿಗೆ ಬಿಸಿಲು ಬಿದ್ದಿರುತ್ತಿತ್ತು. ಬೆಳಗ್ಗೆ ತಣ್ಣನೆ ಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ ತಿರುಗುತ್ತದೆ. ಕೆಳಗಿನಿಂದ ಹತ್ತುವ ನಮ್ಮ ವಾಸನೆ ನಮಗಿಂತ ಮೊದಲೇ ಎಲ್ಕ್‌ಗೆ ತಲುಪುತ್ತಿತ್ತು. ಐದು ದಿನ, ಬರೀ ಹೆಜ್ಜೆ ಗುರುತು.

ಎರಡನೇ ವರ್ಷ ಹಟ ಬಂತು. ತಲಾ 22 ಕೆಜಿ ಹೊತ್ತು ಐದು ಮೈಲಿ ಒಳಗೆ ಹೋದೆವು. ಕುಕ್ಕರ್ ಇಲ್ಲ. ಅವಲಕ್ಕಿಗೆ ಬಿಸಿನೀರು, ಚಟ್ನಿಪುಡಿ. ಬೆಳಗ್ಗೆ ಚಳಿಗೆ ಗ್ಯಾಸ್ ಡಬ್ಬಿ ಸರಿಯಾಗಿ ಹತ್ತುತ್ತಿರಲಿಲ್ಲ, ರಾತ್ರಿ ಅದನ್ನೂ ಮಗುವಿನ ಹಾಗೆ ಸ್ಲೀಪಿಂಗ್ ಬ್ಯಾಗ್ ಒಳಗೇ ಮಲಗಿಸಿಕೊಳ್ಳಬೇಕು. ಆದರೂ ಬೆಳಕು ಹರಿಯುವಾಗ ನಾವು ಪ್ರಾಣಿಗಿಂತ ಮೇಲಿದ್ದೆವು. ನಾಲ್ಕನೇ ದಿನ ಒಂದು ಗಂಡು ಎದುರಾಯಿತು. ಅಲ್ಲಿ ಗಂಡು ಹೊಡೆಯಬೇಕಾದರೆ ಒಂದು ಕೊಂಬಿನಲ್ಲಾದರೂ ನಾಲ್ಕು ಕವಲು ಇರಬೇಕು, ಇಲ್ಲವೇ ಹಣೆಯ ಹತ್ತಿರದ ಕವಲು ಐದು ಇಂಚು ಇರಬೇಕು.

“ಭಾವ, ಎಣಿಸಿದ್ರಾ?”

“ಎಣಿಸಿದೆ ಮಾರಾಯ, ಸುಮ್ನಿರು.”

ಒಂದೇ ಗುಂಡು. ಖುಷಿ ಹತ್ತು ನಿಮಿಷ ಇತ್ತು.

ಮೂಳೆ ಬಿಡಿಸಿದ ಮೇಲೂ ಮಾಂಸ 80 ಕೆಜಿ ಹತ್ತಿರ. ನಾವಿದ್ದದ್ದು ವೈಲ್ಡರ್ನೆಸ್ ಎಂದು ಘೋಷಿಸಿದ ಕಾಡು. ಅಲ್ಲಿ ಮೋಟರು ಹಾಗಿರಲಿ, ಕೈಗಾಡಿಯ ಚಕ್ರವೂ ಉರುಳುವಂತಿಲ್ಲ. ತಿನ್ನುವ ಮಾಂಸ ಬಿಟ್ಟು ಬಂದರೆ ಕೇಸು. ಒಬ್ಬೊಬ್ಬರಿಗೆ ಎರಡು ಹೊರೆ ಮಾಂಸ, ಒಂದು ಹೊರೆ ಬಿಡಾರ. ಮೂರು ಸಲ ಹೊತ್ತು ಬಂದು, ನಡುವೆ ಎರಡು ಸಲ ಖಾಲಿ ವಾಪಸ್ ಹೋಗಿ, ಲೆಕ್ಕ ಹಾಕಿದರೆ ತಲಾ 25 ಮೈಲಿ. ಎರಡೂವರೆ ದಿನ. ರಾತ್ರಿ ಹಿಮಗಟ್ಟುವ ಚಳಿ ಇತ್ತು, ಹಗಲು ಚೀಲಗಳನ್ನು ನೆರಳಲ್ಲಿ ನೇತುಹಾಕಿದೆವು, ಅದಕ್ಕೇ ಮಾಂಸ ಉಳಿಯಿತು. ಸೆಪ್ಟೆಂಬರ್ ಬಿಸಿಲಾಗಿದ್ದರೆ ಕಥೆ ಬೇರೆ. ಭಾವನ ಮೊಣಕಾಲು ಮಾತ್ರ ಉಳಿಯಲಿಲ್ಲ.

ಹಾಗಾಗಿ ಮೂರನೇ ವರ್ಷ ದುಡ್ಡು ಕೊಟ್ಟೆವು. ಕುದುರೆಯವರು ಎಂಟು ಮೈಲಿ ಒಳಗೆ ಬಿಟ್ಟು ಬರುತ್ತಾರೆ, ಟೆಂಟು ಒಲೆ ಅವರದೇ, ವಾರದ ಕೊನೆಗೆ ನಮ್ಮನ್ನೂ ಮಾಂಸವನ್ನೂ ಹೊತ್ತು ತರುತ್ತಾರೆ. ಕೇಳಲು ಚೆಂದ. ಎರಡನೇ ರಾತ್ರಿ ಒಂದಡಿ ಹಿಮ ಬಿತ್ತು. ಟೆಂಟು ಸೋರಿತು. ಎಲ್ಕ್ ಹಿಂಡು ಮೇವು ಹುಡುಕಿ ಕೆಳಗಿನ ಕಣಿವೆಗೆ ಇಳಿದುಹೋಯಿತು. ಟ್ರಕ್ ಇದ್ದಿದ್ದರೆ ಅರ್ಧ ದಿನದಲ್ಲಿ ನಾವೂ ಇಳಿಯುತ್ತಿದ್ದೆವು. ಬೆನ್ನ ಮೇಲಿನ ಟೆಂಟಾದರೂ ಮಡಚಿಕೊಂಡು ನಡೆಯಬಹುದಿತ್ತು. ಇಲ್ಲಿ ಕೈಯಾರೆ ಹಣ ಕೊಟ್ಟು ಕಾಲು ಕಟ್ಟಿಸಿಕೊಂಡ ಹಾಗಾಯಿತು. ಕುದುರೆ ಬಂದದ್ದೂ ಒಂದು ದಿನ ತಡವಾಗಿ. ಸ್ಯಾಟಲೈಟ್ ಸಾಧನದಲ್ಲಿ ಮನೆಗೆ ಸುದ್ದಿ ಕಳಿಸಿದ್ದರಿಂದ ಅಕ್ಕ ಪೊಲೀಸರಿಗೆ ಫೋನ್ ಮಾಡಲಿಲ್ಲ, ಅಷ್ಟೇ. ಜೊತೆಗೆ ನಾಲ್ಕೈದು ಜನ ಇದ್ದು, ಎದೆಬಲ ಕಡಿಮೆ, ಹಣ ಜಾಸ್ತಿ ಅನ್ನುವವರಿಗೆ ಇದು ಆಗಬಹುದೇನೋ. ನಮಗೆ ಮತ್ತೊಮ್ಮೆ ಬೇಡ.

ಈ ಸಲ ಮತ್ತೆ ರಸ್ತೆ ಪಕ್ಕಕ್ಕೇ ಹೋಗುತ್ತಿದ್ದೇವೆ, ಕುಕ್ಕರ್ ಸಮೇತ. ಜೊತೆಗೆ ಒಂದು ರಾತ್ರಿಗೆ ಸಾಕಾಗುವ ಪುಟ್ಟ ಟೆಂಟು. ಸಂಜೆ ಹತ್ತಿ ದಿಣ್ಣೆ ಮೇಲೇ ಮಲಗಿದರೆ ಬಿಸಿಲೇರಿ ಮೇಲಕ್ಕೆ ತಿರುಗಿದ ಗಾಳಿ ನಮ್ಮ ಕಡೆಗಿರುತ್ತದೆ. ಮಾಂಸ ಮಾತ್ರ ಹೊತ್ತು ತರುವ, ಪರವಾನಗಿ ಇರುವ ಕುದುರೆಯವರ ನಂಬರ್ ಕೂಡ ಬರೆದಿಟ್ಟುಕೊಂಡಿದ್ದೇನೆ. ನಕ್ಷೆಯಲ್ಲಿ ರಸ್ತೆಯಿಂದ ಎರಡು ಮೈಲಿಗೆ ಕೆಂಪು ಗೆರೆ ಎಳೆದಿದ್ದೇನೆ. ಅದರಾಚೆ ಎಂಥ ಕೊಂಬು ಕಂಡರೂ ಬಂದೂಕು ಎತ್ತುವಂತಿಲ್ಲ.

ಭಾವ ಮೂರು ಮೈಲಿ ಅನ್ನುತ್ತಾರೆ. ಮೊಣಕಾಲಿಗೆ ಹೊಸ ಪಟ್ಟಿ ತರಿಸಿಕೊಂಡಿದ್ದಾರಂತೆ.